ದಾದಿಯ ಮುಂದಣ ವ್ಯಾಸಂಗ



ಮೈಸೂರಿಗೆ ದಕ್ಷಿಣದಲ್ಲಿ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ, ದೇವನೂರು ಎಂಬ ಗ್ರಾಮವುಂಟು. ಕನ್ನಡದ ಕಥೆ ಕಾದಂಬರಿಗಳನ್ನು ಓದುವವರಿಗೆ ದೇವನೂರ ಮಹಾದೇವ ಅವರ ದೆಸೆಯಿಂದ ಈ ಹೆಸರು ಹೊಸತಲ್ಲ. ಈ ಹೊತ್ತು ನಾನು ಆ ಊರನ್ನು ನೆನೆಯುವುದು ಬೇರೆ ಕಾರಣದಿಂದ. ಅಂಥ ಊರೊಂದರಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಒಬ್ಬ ಗರ್ಭಿಣಿಗೆ ನೋವು ಎದ್ದಿತೆಂದು ಭಾವಿಸಿಕೊಳ್ಳಿರಿ. “ಬಿರ್ನೆ ಬನ್ನಿ ನರ್ಸಮ್ಮೋರೆ” ಎಂದು ಮನೆಯವರು ಬಂದು ಕದ ತಟ್ಟುತ್ತಾರೆ. ೧೦೮ರ ಗಾಡಿಗೆ ಕರೆ ಹೋಗಿದೆ. ಅದು ಬರುವುದಕ್ಕೆ ಮೊದಲೇ ಮಗು ಹುಟ್ಟುತ್ತದೆ. ಮಗು ಅತ್ತಿತು, ಎಲ್ಲರಿಗೂ ಸಮಾಧಾನವಾಯಿತು. ಅನಂತರ ತಾಯಿಗೆ ರಕ್ತಸ್ರಾವ ಆರಂಭವಾಯಿತು, ಅದು ನಿಲ್ಲಲಿಲ್ಲ. ದೊಡ್ಡ ವೈದ್ಯರಿರುವುದು ನಂಜನಗೂಡಿನಲ್ಲಿ. ಇನ್ನೂ ದೊಡ್ಡ ಆಸ್ಪತ್ರೆಯೆಂದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆ. ಆ ಗಳಿಗೆಯಲ್ಲಿ ಆ ಮನೆಗೆ ದಕ್ಕುವ ವೈದ್ಯಶಾಸ್ತ್ರವೆಲ್ಲ, ಆ ಒಬ್ಬ ಹೆಂಗಸಿನ ಕೈಯಲ್ಲಿಯೂ ತಲೆಯಲ್ಲಿಯೂ ಎಷ್ಟಿದೆಯೋ ಅಷ್ಟೆ.

ಆಕೆ ಅದನ್ನು ಕಲಿತದ್ದು ಯಾವಾಗ? ಇಪ್ಪತ್ತು ವರ್ಷಗಳ ಹಿಂದೆ, ತರಬೇತಿ ಶಾಲೆಯಲ್ಲಿ. ಆಮೇಲೆ? ಈ ಎರಡನೆಯ ಪ್ರಶ್ನೆಯೇ ಇಂದಿನ ನನ್ನ ಭಾಷಣದ ವಿಷಯ.

ನಮ್ಮಲ್ಲಿ ವಿದ್ಯೆಯೆಂದರೆ ಬಾಲ್ಯದಲ್ಲಿ ಆರಂಭವಾಗಿ, ಪರೀಕ್ಷೆಯಲ್ಲಿ ಮುಗಿದು, ಪ್ರಮಾಣಪತ್ರವಾಗಿ ಗೋಡೆಯ ಮೇಲೆ ತೂಗುವ ವಸ್ತು ಎಂಬ ಭಾವನೆ ಬಲವಾಗಿದೆ. ಕೆಲವು ವೃತ್ತಿಗಳಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ದಾದಿಯ ವೃತ್ತಿಯಲ್ಲಿ ಹಾಗಲ್ಲ. ಒಂದೇ ಒಂದು ನಿದರ್ಶನವನ್ನು ಕೊಡುತ್ತೇನೆ. ಹೆರಿಗೆಯ ನೋವು ಸರಿಯಾದ ಗತಿಯಲ್ಲಿ ಮುಂದುವರಿಯುತ್ತಿದೆಯೇ ಎಂಬುದನ್ನು ಗೆರೆ ಎಳೆದು ತಿಳಿಯುವುದಕ್ಕೆ ಪಾರ್ಟೋಗ್ರಾಫ್ ಎಂಬ ಒಂದು ಹಾಳೆಯುಂಟು. ವಿಶ್ವ ಆರೋಗ್ಯ ಸಂಸ್ಥೆಯವರು ೧೯೯೪ರಲ್ಲಿ ಪ್ರಚಾರಕ್ಕೆ ತಂದ ಹಾಳೆಯಲ್ಲಿ, ಗರ್ಭಕೋಶದ ಬಾಯಿ ೩ ಸೆಂಟಿಮೀಟರಿನಷ್ಟು ತೆರೆದಾಗ ನಿಜವಾದ ಪ್ರಸವದ ಘಟ್ಟ ಮೊದಲಾಯಿತೆಂದು ಎಣಿಸುತ್ತಿದ್ದರು. ೨೦೦೦ದ ಸುಮಾರಿಗೆ ಅದು ೪ ಸೆಂಟಿಮೀಟರ್ ಆಯಿತು. ೨೦೧೮ರಲ್ಲಿ ೫ ಸೆಂಟಿಮೀಟರ್ ಎಂದರು. ೨೦೨೦ರಲ್ಲಿ ಹಾಳೆಯನ್ನೇ ಬದಲಾಯಿಸಿದರು. ೧೯೯೫ರಲ್ಲಿ ಕೆಲಸಕ್ಕೆ ಸೇರಿದ ದಾದಿಯೊಬ್ಬಳು ಇನ್ನೂ ನಿವೃತ್ತಳಾಗುವುದಕ್ಕೆ ಮೊದಲೇ ಆಕೆ ಕಲಿತ ಗೆರೆ ಮೂರು ಬಾರಿ ಸರಿದಿದೆ. ಗೆರೆ ಸರಿದುದನ್ನು ಅರಿಯದವಳು ಏನು ಮಾಡುವಳು? ಸಹಜವಾಗಿ ನಿಧಾನವಾಗಿ ನಡೆಯುತ್ತಿರುವ ಹೆರಿಗೆಯನ್ನು ತೊಡಕೆಂದು ತಿಳಿದು, ಕತ್ತಲಲ್ಲಿ ಗಾಡಿ ಹತ್ತಿಸಿ ಕಳುಹಿಸುವಳು. ಇಲ್ಲವೆ ಚುಚ್ಚುಮದ್ದು ಕೊಟ್ಟು ಆತುರಪಡಿಸುವಳು.

ಇಂಥವು ಇನ್ನೂ ಇವೆ. ಹುಟ್ಟಿದೊಡನೆ ಹೊಕ್ಕುಳ ಬಳ್ಳಿಯನ್ನು ಕತ್ತರಿಸಬೇಕೆಂದು ಹಿಂದೆ ಕಲಿಸುತ್ತಿದ್ದರು. ಒಂದರಿಂದ ಮೂರು ನಿಮಿಷ ತಡೆದರೆ ಮಗುವಿಗೆ ಹೆಚ್ಚು ರಕ್ತ ಸೇರುವುದೆಂದು ಈಗ ಹೇಳುತ್ತಾರೆ. ಅಳದ ಮಗುವನ್ನು ತಲೆಕೆಳಗು ಹಿಡಿದು ತಟ್ಟುತ್ತಿದ್ದುದನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಈಗ ಒರಸಿ, ಬೆಚ್ಚಗೆ ಹೊದಿಸಿ, ಉಸಿರು ಬಾರದಿದ್ದರೆ ಮೊದಲ ಒಂದು ನಿಮಿಷದೊಳಗೆ ಚೀಲ ಮತ್ತು ಮುಸುಕಿನಿಂದ ಗಾಳಿ ಕೊಡಬೇಕು. ಇನ್ನು ದೇವನೂರಿನ ಸುತ್ತಲಂತೆ ಗದ್ದೆ ಕಬ್ಬುಗಳಿರುವ ಕಡೆ ಹಾವಿನ ಕಡಿತ ಅಪೂರ್ವವಲ್ಲ. ಕಚ್ಚಿದ ಮೇಲ್ಭಾಗಕ್ಕೆ ಬಿಗಿಯಾಗಿ ಕಟ್ಟಿ, ಗಾಯವನ್ನು ಕೊಯ್ದು ರಕ್ತ ಹೊರಡಿಸಬೇಕೆಂಬುದು ಒಂದು ಕಾಲಕ್ಕೆ ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿಯೇ ಇತ್ತು. ಇಂದು ಎರಡೂ ನಿಷಿದ್ಧ: ಕೈಕಾಲು ಅಲುಗದಂತೆ ಮಾಡಿ, ಉಂಗುರ ಬಳೆಗಳನ್ನು ತೆಗೆದು, ಪ್ರತಿವಿಷವಿರುವ ಆಸ್ಪತ್ರೆಗೆ ಬೇಗನೆ ಸಾಗಿಸತಕ್ಕದ್ದು. ೨೦೨೪ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರದವರು ಹಾವಿನ ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆಜ್ಞೆ ಮಾಡಿದರು. ದಾದಿಗೆ ಅದೂ ಒಂದು ಹೊಸ ಪಾಠವೇ.

ಹಳೆಯ ಕಾಲದ ಸೂಲಗಿತ್ತಿಯ ವಿಷಯವನ್ನು ಇಲ್ಲಿ ಒಂದು ಮಾತು ಹೇಳಬೇಕು. ಆಕೆಗೆ ಶಾಲೆಯಿರಲಿಲ್ಲ, ಆದರೆ ಕಲಿಕೆಗೆ ಕೊನೆಯೂ ಇರಲಿಲ್ಲ. ಅಜ್ಜಿಯ ಜತೆಯಲ್ಲಿ ಹೋಗಿ ನೋಡಿ, ಕೈಗೂಡಿಸಿ, ಬಾಳಿನುದ್ದಕ್ಕೂ ಕಲಿಯುತ್ತಿದ್ದಳು. ಪಾವಗಡದ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದುದು ಈ ಪರಂಪರೆಗೆ ಸಂದ ಗೌರವ. ಆ ವಿದ್ಯೆಯ ಕೊರತೆ ಏನೆಂದರೆ, ಕಣ್ಣಿಗೆ ಬಿದ್ದುದನ್ನು ಮಾತ್ರ ಅದು ಕಲಿಯಬಲ್ಲುದು. ದೂರದ ದೇಶದಲ್ಲಿ ಸಾವಿರ ಹೆರಿಗೆಗಳನ್ನು ಎಣಿಸಿ ಕಂಡುಕೊಂಡ ಸತ್ಯ ಅದಕ್ಕೆ ಎಟಕದು. ಶಾಲೆಯಲ್ಲಿ ಕಲಿತ ದಾದಿಗೆ ಆ ಸತ್ಯ ಎಟಕಬೇಕು. ಆದರೆ ಶಾಲೆ ಮುಗಿದ ಮೇಲೆ ಆಕೆಯನ್ನು ಒಂಟಿಯಾಗಿ ಬಿಟ್ಟರೆ, ಆಕೆಗೆ ಅಜ್ಜಿಯ ಜತೆಯೂ ಇಲ್ಲ, ಪುಸ್ತಕದ ಜತೆಯೂ ಇಲ್ಲ.

ನಮ್ಮ ನಾಡು ಈ ಕಷ್ಟವನ್ನು ಅರಿಯದೆ ಇರಲಿಲ್ಲ. ಮೈಸೂರು ಸಂಸ್ಥಾನದವರು ೧೯೩೦ರ ದಶಕದಲ್ಲಿ ರಾಕಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಒಂದು ಗ್ರಾಮಾಂತರ ಆರೋಗ್ಯ ಘಟಕವನ್ನು ನಡೆಸಿ, ಕೆಲಸಗಾರರಿಗೆ ಹಳ್ಳಿಯ ನಡುವೆಯೇ ಶಿಕ್ಷಣ ಕೊಡುವ ಏರ್ಪಾಡು ಮಾಡಿದ್ದರು. ೧೯೪೬ರಲ್ಲಿ ಭೋರ್ ಸಮಿತಿಯವರು ಲೆಕ್ಕ ಹಾಕಿದಾಗ ಇಂಡಿಯಾದಲ್ಲಿ ೪೩,೦೦೦ ಜನಕ್ಕೆ ಒಬ್ಬ ದಾದಿ ಇದ್ದಳು. ಅಷ್ಟು ಬರಗಾಲವಿದ್ದಾಗ ಇದ್ದವಳ ಮುಂದಣ ವ್ಯಾಸಂಗವನ್ನು ಯಾರು ಯೋಚಿಸಿಯಾರು? ಬೇಗನೆ ಹೆಚ್ಚು ಮಂದಿಯನ್ನು ತಯಾರಿಸಬೇಕೆಂಬುದೇ ಎಲ್ಲರ ಚಿಂತೆ. ೧೯೫೧ರಲ್ಲಿ ಸಹಾಯಕ ದಾದಿ ಮತ್ತು ಪ್ರಸೂತಿಕೆಯ ಎರಡು ವರ್ಷದ ಶಿಕ್ಷಣಕ್ರಮ ಆರಂಭವಾಯಿತು. ೧೯೭೩ರ ಕರ್ತಾರ್ ಸಿಂಗ್ ಸಮಿತಿಯವರ ಸಲಹೆಯ ತರುವಾಯ ಆಕೆಗೆ ಕುಟುಂಬ ಯೋಜನೆ, ಲಸಿಕೆ, ಮಲೇರಿಯಾ ಎಲ್ಲವನ್ನೂ ವಹಿಸಿದರು. ಕೆಲಸ ಹೆಚ್ಚಿತು, ೧೯೭೭ರಲ್ಲಿ ಶಿಕ್ಷಣವನ್ನು ಮಾತ್ರ ಹದಿನೆಂಟು ತಿಂಗಳಿಗೆ ಇಳಿಸಿದರು. ಈ ಲೆಕ್ಕಾಚಾರ ನನಗೆ ಎಂದೂ ಅರ್ಥವಾಗಿಲ್ಲ. ಮತ್ತೆ ಎರಡು ವರ್ಷಕ್ಕೆ ಏರಿಸುವ ಹೊತ್ತಿಗೆ ಮೂವತ್ತೈದು ವರ್ಷ ಕಳೆದಿತ್ತು. ಆಕೆಯ ಹೆಸರು ಮಾತ್ರ ಕರ್ನಾಟಕದಲ್ಲಿ ಈಗ ಘನವಾಗಿದೆ: ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಊರವರಿಗೆ ಆಕೆ ಇನ್ನೂ ನರ್ಸಮ್ಮನೇ.

ಹಳ್ಳಿಯ ದಾದಿಗೆ ಕಲಿಸಿದರೆ ಎಷ್ಟು ಫಲ ಬಂದೀತು ಎಂದು ಸಂದೇಹಪಡುವವರಿಗೆ ಬೆಳಗಾವಿಯ ವೃತ್ತಾಂತವನ್ನು ಹೇಳುತ್ತೇನೆ. ೨೦೦೨ರಿಂದ ೨೦೦೫ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರೂ ಅಮೆರಿಕದ ವಿದ್ವಾಂಸರೂ ಸೇರಿ ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಹೆರಿಗೆಯಾದ ಕೂಡಲೆ ನುಂಗಿಸತಕ್ಕ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ರಕ್ತಸ್ರಾವವನ್ನು ತಡೆಯಬಲ್ಲುದೇ ಎಂಬುದು ಪ್ರಶ್ನೆ. ಚುಚ್ಚುಮದ್ದಾದ ಆಕ್ಸಿಟೋಸಿನ್ ಒಳ್ಳೆಯದೇ. ಆದರೆ ಅದನ್ನು ೨ರಿಂದ ೮ ಡಿಗ್ರಿಯ ತಂಪಿನಲ್ಲಿ ಇಡಬೇಕು, ಕರೆಂಟು ಹೋದ ಹಳ್ಳಿಯಲ್ಲಿ ಅದು ಕಷ್ಟ. ಮಾತ್ರೆಗೆ ಆ ತೊಂದರೆಯಿಲ್ಲ. ೧,೬೨೦ ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಈ ಮಾತ್ರೆಯನ್ನೂ ಉಳಿದವರಿಗೆ ಹಾಗೆಯೇ ಕಾಣುವ, ಔಷಧವಿಲ್ಲದ ಮಾತ್ರೆಯನ್ನೂ ಕೊಟ್ಟರು. ಹರಿದ ರಕ್ತವನ್ನು ಕಣ್ಣಂದಾಜಿನಿಂದ ಹೇಳದೆ, ಅಳತೆಯ ಗುರುತುಗಳಿರುವ ಪ್ಲಾಸ್ಟಿಕ್ ಹಾಸಿನ ಚೀಲದಲ್ಲಿ ಹಿಡಿದು ಅಳೆದರು. ಮಾತ್ರೆ ಪಡೆಯದವರಲ್ಲಿ ನೂರಕ್ಕೆ ೧೨ ಮಂದಿಗೆ ಅತಿಸ್ರಾವವಾಯಿತು. ಪಡೆದವರಲ್ಲಿ ನೂರಕ್ಕೆ ೬.೪. ೨೦೦೬ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದರು.

ಮಾತ್ರೆ ಕೊಟ್ಟವರು, ಹಾಸು ಹಾಸಿದವರು, ಅಳೆದು ಬರೆದವರು ಯಾರು? ವೈದ್ಯರಲ್ಲ. ಉಪಕೇಂದ್ರಗಳಲ್ಲಿ ದುಡಿಯುವ ಈ ನಮ್ಮ ಸಹಾಯಕ ದಾದಿಯರೇ. ಅವರಿಗೆ ಹೊಸ ಪಾಠವನ್ನು ಸರಿಯಾಗಿ ಕಲಿಸಿದ್ದರಿಂದ ಅವರು ಲೋಕಕ್ಕೆ ಒಂದು ಪಾಠವನ್ನು ಕಲಿಸಿದರು. ಅಳತೆಯ ಹಾಸಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೨೩ರಲ್ಲಿ ಆಫ್ರಿಕದ ನಾಲ್ಕು ದೇಶಗಳಿಂದ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಅಂಥದೇ ಹಾಸಿನಿಂದ ರಕ್ತವನ್ನು ಅಳೆದು, ಹೆಚ್ಚೆಂದು ಕಂಡೊಡನೆ ಗರ್ಭಕೋಶವನ್ನು ಉಜ್ಜುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ರಕ್ತನಾಳಕ್ಕೆ ದ್ರವ, ಗಾಯದ ಪರೀಕ್ಷೆ ಇವನ್ನು ಒಂದರ ಹಿಂದೊಂದು ಕಾಯದೆ ಒಟ್ಟಿಗೆ ಮಾಡಿದಲ್ಲಿ, ತೀವ್ರ ರಕ್ತಸ್ರಾವವೂ ಅದರ ಕೇಡುಗಳೂ ನೂರಕ್ಕೆ ೬೦ರಷ್ಟು ತಗ್ಗಿದುವೆಂದು ತೋರಿಬಂದಿತು. ಇದರಲ್ಲಿ ಹೊಸ ಯಂತ್ರವಾಗಲಿ ದುಬಾರಿಯ ಔಷಧವಾಗಲಿ ಇಲ್ಲ. ಮಾಡುವವಳಿಗೆ ತಿಳಿದಿರಬೇಕು, ಕೈಗೆ ರೂಢಿಯಿರಬೇಕು. ದೇವನೂರಿನ ಆ ರಾತ್ರಿಯಲ್ಲಿ ಬೇಕಾದದ್ದು ಇದೇ ಅಲ್ಲವೆ?

ತಿಳಿವು ಬೇರೆ, ರೂಢಿ ಬೇರೆ. ಕೇಂದ್ರ ಸರ್ಕಾರದವರು ೨೦೦೫ರ ವೇಳೆಗೆ ಸಹಾಯಕ ದಾದಿಯರಿಗೆ ಕೆಲವು ಹೊಸ ಅಧಿಕಾರಗಳನ್ನು ಕೊಟ್ಟರು. ಗರ್ಭಿಣಿಗೆ ರಕ್ತದೊತ್ತಡ ಏರಿ ಸೆಳವು ಬಂದರೆ, ಮೆಗ್ನೀಷಿಯಂ ಸಲ್ಫೇಟಿನ ಮೊದಲ ವರಸೆಯನ್ನು ಎರಡೂ ಪಕ್ಕಗಳ ಪೃಷ್ಠದ ಸ್ನಾಯುವಿಗೆ ೫ ಗ್ರಾಮಿನಂತೆ ಚುಚ್ಚಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದು. ಇದಕ್ಕಾಗಿ ೨೧ ದಿನಗಳ ವಿಶೇಷ ತರಬೇತಿಯನ್ನೂ ಗೊತ್ತುಮಾಡಿದರು. ಒಳ್ಳೆಯದೇ. ಆದರೆ ಉಪಕೇಂದ್ರದ ದಾದಿ ಅಂಥ ಸೆಳವನ್ನು ಕಾಣುವುದು ವರ್ಷಗಳಿಗೊಮ್ಮೆ. ತರಬೇತಿಯ ದಿನ ಚೆನ್ನಾಗಿ ಕಲಿತದ್ದು, ಕೈಯಾಡದೆ ಆರು ತಿಂಗಳಲ್ಲಿ ಮಸುಕಾಗುತ್ತದೆ. ಸಂಗೀತಗಾರರು ಸಾಧನೆಯನ್ನು ಬಿಟ್ಟರೆ ಏನಾಗುವುದೆಂದು ಮೈಸೂರಿನವರಾದ ತಮಗೆ ಹೇಳಬೇಕಾದುದಿಲ್ಲ.

ಹಾಗಾದರೆ ಒಮ್ಮೆ ಪಟ್ಟಣಕ್ಕೆ ಕರೆಸಿ ಕಲಿಸಿ ಕಳುಹಿಸುವುದಕ್ಕೆ ಬದಲಾಗಿ, ಆಕೆ ಇರುವ ಕಡೆಗೇ ಪಾಠವನ್ನು ಕೊಂಡೊಯ್ದರೆ ಹೇಗೆ? ಈ ಪ್ರಶ್ನೆಗೂ ನಮ್ಮ ನಾಡಿನಲ್ಲಿಯೇ ಉತ್ತರ ಸಿಕ್ಕಿದೆ. ಬಳ್ಳಾರಿ ಮತ್ತು ಗುಲ್ಬರ್ಗಾ, ಎಂದರೆ ಇಂದಿನ ಕಲಬುರಗಿ, ಜಿಲ್ಲೆಗಳಲ್ಲಿ ‘ಸುಕ್ಷೇಮ’ ಎಂಬ ಯೋಜನೆಯ ಅಂಗವಾಗಿ ೧೦೮ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿ, ಅವುಗಳಲ್ಲಿ ಅರ್ಧಕ್ಕೆ ಮಾರ್ಗದರ್ಶಿ ದಾದಿಯರನ್ನು ಕಳುಹಿಸಿದರು. ಮಾರ್ಗದರ್ಶಿ ಎಂದರೆ ತನಿಖೆಗೆ ಬರುವ ಅಧಿಕಾರಿಯಲ್ಲ. ಆಕೆಯೂ ದಾದಿಯೇ. ಕೇಂದ್ರಕ್ಕೆ ಬಂದು, ಕೆಲವು ದಿನ ಅಲ್ಲಿಯೇ ಇದ್ದು, ಹೆರಿಗೆಯ ಮಂಚದ ಪಕ್ಕದಲ್ಲಿ ನಿಂತು ಒಟ್ಟಿಗೆ ಕೆಲಸ ಮಾಡಿ, ಬರೆದ ಕೇಸಿನ ಹಾಳೆಗಳನ್ನು ಒಟ್ಟಿಗೆ ಓದಿ, ಗೊಂಬೆಯ ಮೇಲೆ ಉಸಿರು ಕೊಡುವುದನ್ನು ಮಾಡಿಸಿ, ಔಷಧದ ಪೆಟ್ಟಿಗೆಯನ್ನು ತೆರೆಸಿ ನೋಡಿ ಹೋಗುವಳು; ಕೆಲವು ವಾರಗಳ ಮೇಲೆ ಮತ್ತೆ ಬರುವಳು. ಒಂದು ವರ್ಷದ ತರುವಾಯ ಹೋಲಿಸಿ ನೋಡಿದಾಗ, ಮಾರ್ಗದರ್ಶಿಯರು ಹೋದ ಕೇಂದ್ರಗಳ ದಾದಿಯರು ತಾಯಿಯ ಮತ್ತು ಶಿಶುವಿನ ತೊಡಕುಗಳ ವಿಷಯವಾದ ತಿಳಿವಳಿಕೆಯಲ್ಲಿ ಮುಂದಿದ್ದರು. ಬೇಕಾದ ಔಷಧ ಸಲಕರಣೆಗಳೂ ಅಂಥ ಕೇಂದ್ರಗಳಲ್ಲಿ ಮೇಲಾಗಿ ಸಿದ್ಧವಿದ್ದುವು. ನನ್ನ ಅಭಿಪ್ರಾಯದಲ್ಲಿ ಇದರ ಗುಟ್ಟು ಬಹು ಸರಳ. ತಪ್ಪನ್ನು ಮೇಲಧಿಕಾರಿಯ ಮುಂದೆ ಒಪ್ಪಿಕೊಳ್ಳುವುದು ಕಷ್ಟ. ಜತೆಯವಳ ಮುಂದೆ “ಅಕ್ಕಾ, ನನಗೆ ಇದು ಬಾರದು” ಎನ್ನುವುದು ಸುಲಭ. ಸೂಲಗಿತ್ತಿಯ ಅಜ್ಜಿ ಮತ್ತೊಂದು ರೂಪದಲ್ಲಿ ಬಂದಂತಾಯಿತು.

ಈಗ ಕಾನೂನಿನ ಕಡೆಗೆ ಬರೋಣ. ೧೯೪೭ರ ಕಾಯಿದೆಯಿಂದ ಭಾರತೀಯ ದಾದಿಯರ ಪರಿಷತ್ತು ಏರ್ಪಟ್ಟಿತು. ನಮ್ಮ ರಾಜ್ಯದಲ್ಲಿ ದಾದಿಯರ ನೋಂದಣಿಗೆ ೧೯೬೧ರ ಕಾಯಿದೆಯುಂಟು. ೨೦೨೩ರಲ್ಲಿ ಪಾರ್ಲಿಮೆಂಟು ಹಳೆಯ ಪರಿಷತ್ತಿನ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವನ್ನು ಸ್ಥಾಪಿಸುವ ಕಾಯಿದೆಯನ್ನು ಅಂಗೀಕರಿಸಿತು. ಪರಿಷತ್ತಿನವರು ಗೊತ್ತುಮಾಡಿದ ಕ್ರಮದಂತೆ, ದಾದಿಯು ಐದು ವರ್ಷಕ್ಕೊಮ್ಮೆ ತನ್ನ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಆ ಐದು ವರ್ಷಗಳಲ್ಲಿ ೧೫೦ ಗಂಟೆಗಳ ಮುಂದಣ ವ್ಯಾಸಂಗವನ್ನು ಮಾಡಿರಬೇಕು. ಕೇಳುವುದಕ್ಕೆ ಇದು ದೊಡ್ಡ ಸಂಖ್ಯೆ. ಲೆಕ್ಕ ಹಾಕಿದರೆ ವರ್ಷಕ್ಕೆ ೩೦ ಗಂಟೆ. ದಿನಕ್ಕೆ ಸುಮಾರು ೫ ನಿಮಿಷ. ನಾವು ಬೆಳಗಿನ ಕಾಫಿಯ ಜತೆಯಲ್ಲಿ ದಿನಪತ್ರಿಕೆಗೆ ಕೊಡುವ ಕಾಲ ಇದಕ್ಕಿಂತ ಹೆಚ್ಚು.

ಆದುದರಿಂದ ಗಂಟೆಗಳು ಹೆಚ್ಚಾದುವೆಂಬ ದೂರು ಸಲ್ಲದು. ಆ ಗಂಟೆಗಳು ಹೇಗೆ ಕಳೆಯುತ್ತವೆಂಬುದನ್ನು ನೋಡಬೇಕು. ಒಮ್ಮೆ ನಾನು ಇಂಥ ಒಂದು ಶಿಬಿರದ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಎಲ್ಲಿ ಎಂಬುದು ಬೇಡ. ಉಪನ್ಯಾಸಕರು ಇಂಗ್ಲಿಷಿನಲ್ಲಿ ಓದಿದರು. ಪರದೆಯ ಮೇಲೆ ಮೂಡಿದುದನ್ನೇ ಓದಿದರು. ಪಕ್ಕದಲ್ಲಿ ಕುಳಿತಿದ್ದ ದಾದಿಯೊಬ್ಬರು ಮೊದಲ ಅರ್ಧ ಗಂಟೆ ಶ್ರದ್ಧೆಯಿಂದ ಬರೆದುಕೊಂಡರು. ಆಮೇಲೆ ಗಡಿಯಾರವನ್ನು ನೋಡತೊಡಗಿದರು. ಊರಿನ ಕಡೆಯ ಬಸ್ಸು ಆರು ಗಂಟೆಗೆ ಎಂದರು. ರಾತ್ರಿಯ ಪಾಳಿ ಮುಗಿಸಿ ನಿದ್ದೆಯಿಲ್ಲದೆ ಬಂದಿದ್ದರಂತೆ. ಪ್ರಮಾಣಪತ್ರ ಎಲ್ಲರಿಗೂ ಸಿಕ್ಕಿತು. ಅಲ್ಲಿ ಹೇಳಿದುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಕೋಣೆಯಲ್ಲಿ ಯಾರ ಕೈಯೂ ಒಂದು ಗೊಂಬೆಯನ್ನಾದರೂ ಮುಟ್ಟಲಿಲ್ಲ.

ಭಾಷೆಯ ವಿಷಯ ಸಣ್ಣದಲ್ಲ. ದಾದಿಯರ ಪಠ್ಯಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ; ಹಳ್ಳಿಯಿಂದ ಬಂದ ಹುಡುಗಿ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟುತ್ತಾಳೆ. ರೋಗಿಯೊಡನೆ ಆಕೆ ಆಡಬೇಕಾದದ್ದು ಕನ್ನಡ, ಅದೂ ನಂಜನಗೂಡಿನ ಕನ್ನಡ. ಔಷಧದ ಹೆಸರು ಇಂಗ್ಲಿಷಿನದೇ ಇರಲಿ. ಕಾರಣವನ್ನು ತಾಯ್ನುಡಿಯಲ್ಲಿ ತಿಳಿದವಳು ಅದನ್ನು ಮರೆಯುವುದಿಲ್ಲ, ಇನ್ನೊಬ್ಬರಿಗೆ ಹೇಳಲೂ ಬಲ್ಲಳು. ಆ ಸೀಮೆಯ ಜನ ಶ್ರೀಕಂಠೇಶ್ವರನನ್ನು ಹಕೀಂ ನಂಜುಂಡ ಎಂದು ಕರೆದು, ದೇವರನ್ನೇ ವೈದ್ಯನೆಂದು ನಂಬಿದವರು. ರೋಗ ವಾಸಿಯಾಗಲೆಂದು ಉರುಳುಸೇವೆ ಮಾಡುವವರು. ಅವರಿಗೆ ಒಂದು ಮದ್ದಿನ ಮೇಲೆ ನಂಬಿಕೆ ಹುಟ್ಟಿಸಬೇಕಾದರೆ, ಹೇಳುವವಳ ಮಾತಿನಲ್ಲಿ ತಡವರಿಕೆ ಇರಕೂಡದು.

ಇನ್ನು ಮೇಲಕ್ಕೇರುವ ಮೆಟ್ಟಿಲುಗಳು. ದಾದಿಯಾದವಳು ಕಡೆಯವರೆಗೂ ಅದೇ ಕೆಲಸದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಎಂದರೆ ಇಂದಿನ ನಿಮ್ಹಾನ್ಸಿನಲ್ಲಿ, ೧೯೫೬ರಿಂದಲೇ ಅರ್ಹತೆ ಪಡೆದ ದಾದಿಯರಿಗೆ ಮಾನಸಿಕ ರೋಗಿಗಳ ಶುಶ್ರೂಷೆಯಲ್ಲಿ ಒಂದು ವರ್ಷದ ಹೆಚ್ಚಿನ ಶಿಕ್ಷಣ ದೊರೆಯುತ್ತಿತ್ತು. ಈ ದೇಶದಲ್ಲಿ ಆ ಬಗೆಯದು ಅದೇ ಮೊದಲು. ಡಿಪ್ಲೊಮಾ ಮಾಡಿದವರು ಎರಡು ವರ್ಷ ಓದಿ ಪದವಿ ಪಡೆಯುವ ದಾರಿಯುಂಟು. ೨೦೧೮ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂದ ಮೇಲೆ, ಆರು ತಿಂಗಳ ಸಮುದಾಯ ಆರೋಗ್ಯ ಶಿಕ್ಷಣವನ್ನು ಮುಗಿಸಿದ ದಾದಿಯರು ಸಮುದಾಯ ಆರೋಗ್ಯಾಧಿಕಾರಿಗಳಾಗಿ ಉಪಕೇಂದ್ರಗಳ ಮೇಲ್ವಿಚಾರಣೆ ವಹಿಸತೊಡಗಿದರು. ರಕ್ತದೊತ್ತಡ, ಸಕ್ಕರೆ ರೋಗಗಳ ಮದ್ದು ಈಗ ಅಲ್ಲಿಯೇ ಸಿಗುತ್ತದೆ. ಅದೇ ವರ್ಷ ಸರ್ಕಾರದವರು ಪ್ರಸೂತಿಯಲ್ಲಿ ಹದಿನೆಂಟು ತಿಂಗಳ ವಿಶೇಷ ಶಿಕ್ಷಣದ ಮಾರ್ಗಸೂಚಿಯನ್ನೂ ಹೊರಡಿಸಿದರು. ಮೆಟ್ಟಿಲುಗಳು ಇವೆ. ಆದರೆ ನಲವತ್ತು ವರ್ಷದ, ಇಬ್ಬರು ಮಕ್ಕಳ ತಾಯಿಯಾದ ಉಪಕೇಂದ್ರದ ದಾದಿಗೆ ಅವುಗಳಲ್ಲಿ ಹೆಚ್ಚಿನವು ಎತ್ತರದಲ್ಲಿವೆ. ಆಕೆ ಊರು ಬಿಟ್ಟು ಹೋಗಲಾರಳು. ಅನೇಕರು ಕಲಿತದ್ದಕ್ಕೆ ಸಂಬಳದಲ್ಲಿ ವ್ಯತ್ಯಾಸವನ್ನೂ ಕಾಣುವುದಿಲ್ಲ. ಪರದೇಶಕ್ಕೆ ಹೋದವರು ಮಾತ್ರ ಕಾಣುತ್ತಾರೆ. ಒಳ್ಳೆಯ ದಾದಿಯರು ಗಡಿ ದಾಟುತ್ತಾರೆಂದು ಹಳಿಯುವವರು ಇದನ್ನೂ ಸ್ವಲ್ಪ ಯೋಚಿಸುವುದು ಒಳ್ಳೆಯದು.

ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗಳಿಗೆ ಸಾಯುವ ತಾಯಂದಿರ ಸಂಖ್ಯೆ ೨೦೦೧–೦೩ರಲ್ಲಿ ೨೨೮ ಇದ್ದದ್ದು ೨೦೧೮–೨೦ರಲ್ಲಿ ೬೯ಕ್ಕೆ ಇಳಿಯಿತು. ಇದಕ್ಕೆ ಕಾರಣ ಹಲವು: ಆಸ್ಪತ್ರೆಯ ಹೆರಿಗೆ, ೨೦೦೮ರ ನವೆಂಬರಿನಲ್ಲಿ ಆರಂಭವಾದ ೧೦೮ರ ಗಾಡಿ, ರಸ್ತೆ, ರಕ್ತನಿಧಿ. ಕಲಿತ ದಾದಿಯ ಪಾಲು ಎಷ್ಟೆಂದು ಪ್ರತ್ಯೇಕಿಸಿ ಹೇಳುವುದು ಸಾಧ್ಯವಲ್ಲ. ಉಳಿದಿರುವ ಸಾವುಗಳನ್ನು ತಗ್ಗಿಸುವ ಕೆಲಸದಲ್ಲಿ ಆಕೆಯ ಪಾಲು ಮೊದಲಿಗಿಂತ ಹೆಚ್ಚಿನದೆಂದು ಮಾತ್ರ ನಾನು ನಂಬಿದ್ದೇನೆ. ರಸ್ತೆ ಗಾಡಿಗಳು ಮಾಡಬಹುದಾದುದನ್ನು ಬಹುಮಟ್ಟಿಗೆ ಮಾಡಿವೆ.

ಕಡೆಯದಾಗಿ ಒಂದು ಆಕ್ಷೇಪಣೆಯುಂಟು. ದಾದಿಯನ್ನು ತರಬೇತಿಗೆ ಕಳುಹಿಸಿದರೆ ಆ ದಿನ ದೇವನೂರಿನಂಥ ಊರನ್ನು ನೋಡಿಕೊಳ್ಳುವವರು ಯಾರು? ಈ ಒಂದು ಕಾರಣದಿಂದಲೇ ಎಷ್ಟೋ ಅರ್ಜಿಗಳು ಮೇಜಿನ ಮೇಲೆ ಉಳಿಯುತ್ತವೆ. ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ೩೦ ಗಂಟೆಯೆಂದರೆ, ದಿನಕ್ಕೆ ಆರು ಗಂಟೆಯ ಪಾಠದಂತೆ ೫ ದಿನ. ಒಬ್ಬ ಬದಲಿ ದಾದಿಯನ್ನು ನೇಮಿಸಿ, ಆಕೆ ಒಂದೊಂದು ಉಪಕೇಂದ್ರದಲ್ಲಿಯೂ ವರ್ಷಕ್ಕೆ ೫ ದಿನ ನಿಂತರೆ, ೨೫೦ ಕೆಲಸದ ದಿನಗಳಲ್ಲಿ ೫೦ ಉಪಕೇಂದ್ರಗಳ ದಾದಿಯರು ಬಿಡುವು ಪಡೆದು ಕಲಿಯಬಹುದು. ಬಯಲುಸೀಮೆಯಲ್ಲಿ ೫,೦೦೦ ಜನಕ್ಕೆ ಒಂದು ಉಪಕೇಂದ್ರವೆಂಬ ನಿಯಮದಂತೆ, ಐವತ್ತು ಕೇಂದ್ರಗಳೆಂದರೆ ಎರಡೂವರೆ ಲಕ್ಷ ಜನ. ಅಷ್ಟು ಜನಕ್ಕೆ ಒಬ್ಬರ ಸಂಬಳ.